ಕಡ್ಡಿರಾಂಪುರದ ಜಪಾನಿ ಹೋಟೆಲಿನ ಕೇಸು

ಹೊಸಪೇಟೆ ಜಿಲ್ಲಾ ಕೇಂದ್ರವಾದ ಮರುವರ್ಷವೋ ಅದರ ಮುಂದಿನ ವರ್ಷವೋ, ನಾನು ಅಲ್ಲಿ ರೋಗ ಸರ್ವೇಕ್ಷಣಾ ಘಟಕದ ವೈದ್ಯಾಧಿಕಾರಿಯಾಗಿದ್ದೆ. ವರ್ಷವನ್ನು ಆಣೆ ಮಾಡಿ ಹೇಳಲಾರೆ. ಏಪ್ರಿಲ್ ಇರಬೇಕು, ಜೀಪಿನ ಬಾಗಿಲ ಹಿಡಿ ಕೈ ಸುಡುತ್ತಿದ್ದುದು ನೆನಪಿದೆ. ಆದರೆ ನಮ್ಮ ಕಡೆ ಅದು ಮಾರ್ಚಿನಲ್ಲೂ ಸುಡುತ್ತದೆ, ಮೇನಲ್ಲೂ ಸುಡುತ್ತದೆ. ಎಲ್ಲಾದರೂ ನಾಲ್ಕು ಜನ ಒಟ್ಟಿಗೆ ಕಾಯಿಲೆ ಬಿದ್ದರೆ ಹೋಗಿ ಕಾರಣ ಹುಡುಕುವುದು ನನ್ನ ಕೆಲಸ. ವಾಂತಿಭೇದಿಯ ಕೇಸುಗಳಲ್ಲಿ ಅದಕ್ಕಿರುವ ಮುಖ್ಯ ಸಾಧನ ಒಂದೇ ಒಂದು ಪ್ರಶ್ನೆ: ಏನು ತಿಂದಿರಿ? ವೃತ್ತಿಯುದ್ದಕ್ಕೂ ಅದನ್ನೇ ಕೇಳಿ ಕೇಳಿ ಮನುಷ್ಯರ ನೆನಪಿನ ಮೇಲೆ, ನನ್ನದನ್ನೂ ಸೇರಿಸಿ, ನನಗಿದ್ದ ನಂಬಿಕೆ ಸವೆದುಹೋಗಿತ್ತು.

ಸಂಡೂರು ತಾಲ್ಲೂಕಿನ ವಡ್ಡು ಕಡೆಯ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ಹದಿನಾಲ್ಕು ಜನ, ತಮ್ಮಲ್ಲೊಬ್ಬರಾದ, ನಿವೃತ್ತರಾಗುತ್ತಿದ್ದ ಗುರುರಾಜರಾಯರಿಗೆ ಬೀಳ್ಕೊಡುಗೆಯೆಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಹಂಪಿಗೆ ಬಂದಿದ್ದರು. ಮಧ್ಯಾಹ್ನ ಕಡ್ಡಿರಾಂಪುರದ ರಸ್ತೆಬದಿಯ ಪುಟ್ಟ ಜಪಾನಿ ಹೋಟೆಲಿನಲ್ಲಿ ಊಟ ಮಾಡಿದರು. ವಾಪಸು ದಾರಿ ಹಿಡಿಯುವ ಮೊದಲೇ ವಾಂತಿ ಶುರುವಾಯಿತು. ಒಂಬತ್ತು ಜನ ಹೊಸಪೇಟೆಯ ಆಸ್ಪತ್ರೆ ಸೇರಿದರು. ನಾನು ವಾರ್ಡಿಗೆ ಹೋಗುವಷ್ಟರಲ್ಲಿ ‘ಹಸಿ ಮೀನು ತಿಂದು ಅಸ್ವಸ್ಥ’ ಎಂಬ ವಿಡಿಯೊ ನಮ್ಮ ಕಾಂಪೌಂಡರ್‌ನ ಫೋನಿನಲ್ಲೂ ಇತ್ತು. ತನಿಖೆ ಮುಗಿಯುವವರೆಗೆ ಹೋಟೆಲ್ ಮುಚ್ಚಿಸಲಾಗಿತ್ತು. ಅದು ಕ್ರಮದಂತೆಯೇ ಆಯಿತು.

ಹೋಟೆಲಿನ ಒಡತಿ ಸರೋಜ, ಕಂಪ್ಲಿಯವರು. ಉಕ್ಕಿನ ಕಾರ್ಖಾನೆಗೆ ಬರುತ್ತಿದ್ದ ಜಪಾನಿ ಎಂಜಿನಿಯರುಗಳ ಗೆಸ್ಟ್‌ಹೌಸಿನಲ್ಲಿ ಎಂಟೊಂಬತ್ತು ವರ್ಷ ಅಡುಗೆ ಮಾಡಿ, ಉಳಿಸಿದ್ದನ್ನೆಲ್ಲ ಹಾಕಿ ಆರು ಟೇಬಲ್ಲಿನ ಈ ಜಾಗ ತೆರೆದಿದ್ದರು. ಗಲ್ಲಾದ ಮೇಲೊಂದು ಬುದ್ಧನ ಮೂರ್ತಿ. ಗಿರಾಕಿಗಳು ಅದನ್ನು ಜಪಾನಿನ ಅಲಂಕಾರವೆಂದು ತಿಳಿಯುತ್ತಿದ್ದರು. ಅದು ಅವರ ತಂದೆಯ ಕಾಲದಿಂದ ಮನೆಯಲ್ಲಿದ್ದದ್ದು.

“ಹಸಿ ಮೀನು ಈ ಬಿಸಲಾಗ ಯಾರ್ ತರ್ತಾರ್ರಿ ಸಾರ್?” ಎಂದರು ಸರೋಜ. “ನಂದೆಲ್ಲ ಕರದದ್ದು, ಬೇಯಿಸಿದ್ದು. ಉಳಿದದ್ದು ಸೌತಿಕಾಯಿ, ಗಜ್ಜರಿ, ಅನ್ನ. ನೋಡ್ಕೋರಿ ಬೇಕಾರ.”

ನೋಡಿದೆ. ಫ್ರೀಜರ್‌ನಲ್ಲಿ ಹಸಿಯಾಗಿ ಬಡಿಸುವಂಥ ಮೀನು ಇರಲಿಲ್ಲ. ಆದರೆ ವಾರ್ಡಿನಲ್ಲಿದ್ದ ಇಬ್ಬರು ಹಸಿ ಮೀನನ್ನು ಕಣ್ಣಾರೆ ಕಂಡೆವೆಂದರು. ಒಬ್ಬರಿಗೆ ಅದರ ಬಣ್ಣವೂ ನೆನಪಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಕಂಡಿದ್ದರೆಂದೇ ಅವರ ನಂಬಿಕೆ. ಹೊಟ್ಟೆ ಕೆಟ್ಟವನ ನೆನಪು ಮೊದಲು ಹೊಸ ತಿನಿಸನ್ನು ಹಿಡಿಯುತ್ತದೆ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ರೀಕಾಲ್ ಬಯಾಸ್ ಎನ್ನುತ್ತಾರೆ.

ಇಂಥಲ್ಲಿ ನಾವು ಮಾಡುವುದು ಇಷ್ಟು: ಒಂದೊಂದು ತಿನಿಸಿಗೂ ತಿಂದವರಲ್ಲಿ ಎಷ್ಟು ಜನ ಕಾಯಿಲೆ ಬಿದ್ದರು, ತಿನ್ನದವರಲ್ಲಿ ಎಷ್ಟು ಜನ ಬಿದ್ದರು ಎಂದು ಎದುರುಬದುರು ಇಡುವುದು. ಇಟ್ಟೆ. ಯಾವ ತಿನಿಸೂ ಸಿಕ್ಕಿಬೀಳಲಿಲ್ಲ. ಮೀನು ತಿಂದವರಲ್ಲಿ ಮೂವರು ಆರಾಮಾಗಿದ್ದರು. ಅನ್ನದೊಳಗೆ ಬರೀ ಸೌತೆಕಾಯಿ ಇಟ್ಟು ಸುತ್ತಿದ ಸುಶಿ ಸುರುಳಿ ತಿಂದಿದ್ದ ರಾಯರಿಗೆ ಎರಡು ಬಾಟಲಿ ಸಲೈನ್ ಏರಿತ್ತು. ನನ್ನ ಅನುಮಾನ ಅನ್ನದ ಮೇಲಿತ್ತು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊತ್ತುಗಟ್ಟಲೆ ಕುಳಿತರೆ ಅದು ಬೆಳೆದು ವಿಷ ಉಗುಳುತ್ತದೆ, ಕೆಲವೇ ಗಂಟೆಯಲ್ಲಿ ವಾಂತಿ. ಆದರೆ ಸರೋಜ ಅನ್ನಕ್ಕೆ ವಿನೆಗರ್ ಕಲಸುತ್ತಿದ್ದರು. ಅಷ್ಟು ಹುಳಿಯಲ್ಲಿ ಅದು ಬೆಳೆಯುವುದಿಲ್ಲ. ಪಿಎಚ್ ಪಟ್ಟಿ ಅದ್ದಿ ನೋಡಿದೆ, ಹುಳಿ ಸಾಕಷ್ಟಿತ್ತು.

ಎರಡನೆಯ ದಿನ ನರ್ಸ್ ಹೇಳಿದರು, ಅದೇ ವಾಂತಿಯ ಇನ್ನೊಬ್ಬ ಜನರಲ್ ವಾರ್ಡಿನಲ್ಲಿದ್ದಾನೆಂದು. ಟೆಂಪೊ ಟ್ರಾವೆಲರಿನ ಡ್ರೈವರ್ ಹುಸೇನಿ. ಹದಿನಾಲ್ಕು ಜನರಲ್ಲಿ ಯಾರೂ ಅವನ ಹೆಸರು ಹೇಳಿರಲಿಲ್ಲ.

“ನಾ ಆ ಹೋಟ್ಲಾಗ ಕಾಲ ಇಟ್ಟಿಲ್ರಿ” ಎಂದ.

“ಮತ್ತೇನು ತಿಂದಿ?”

“ಏನಿಲ್ರಿ.”

“ಏನಿಲ್ಲ ಅಂದ್ರ, ಉಪವಾಸ ಗಾಡಿ ಹೊಡದಿಯೇನು?”

“ಉಪವಾಸ ಯಾಕ್ರಿ. ರಾಯರ ಮನಿಯಿಂದ ಡಬ್ಬಿ ತುಂಬ ಮೊಸರನ್ನ ಬಂದಿತ್ತು, ಅದಽ ಉಂಡೆ. ಒಳಗ ಉಂಡವರಾಗೂ ಭಾಳ ಮಂದಿ ಹೊರಗ ಬಂದು ಗಿಡದ ಕೆಳಗ ಉಂಡ್ರು. ಆ ಸುರುಳಿ ತಿಂದು ಹೊಟ್ಟಿ ಎಲ್ಲಿ ತುಂಬ್ತೈತ್ರಿ.”

ಮತ್ತೆ ಒಬ್ಬೊಬ್ಬರ ಮಂಚಕ್ಕೂ ಹೋದೆ. “ಮೊಸರನ್ನ ಉಂಡ್ರಾ?” “ಹೂಂ, ಉಂಡ್ವಿ.” “ನಿನ್ನೆ ಯಾಕ ಹೇಳಲಿಲ್ಲ?” “ನೀವು ಊಟದ್ದು ಕೇಳಿದ್ರಿ.” ಬಿದ್ದ ಒಂಬತ್ತೂ ಜನ ಉಂಡಿದ್ದರು. ಚಹಾಕ್ಕೆಂದು ಹೋಟೆಲಿನಲ್ಲೇ ಕುಳಿತಿದ್ದ ಐವರು ಉಂಡಿರಲಿಲ್ಲ.

ರಾಯರ ಮನೆಗೆ ಹೋದಾಗ ಬಾಗಿಲು ತೆರೆದವರು ಅವರ ಪತ್ನಿ ಇಂದಿರಾಬಾಯಿ. ಹೊರಗೆ ನೀರು ಕೂಡ ಮುಟ್ಟದ ಹೆಂಗಸು. ಆ ದಿನ ಅವರು ಹಂಪಿಗೆ ಹೋಗಿರಲಿಲ್ಲ, ಡಬ್ಬಿಯನ್ನಷ್ಟೇ ಕಳಿಸಿದ್ದರು. ಡಬ್ಬಿ ತೊಳೆದು ಬೋರಲು ಹಾಕಿತ್ತು, ಪರೀಕ್ಷೆಗೆ ಒಂದು ಅಗುಳೂ ಉಳಿದಿರಲಿಲ್ಲ.

“ನಸುಕಿನ್ಯಾಗ ಎದ್ದು ಮಡಿಲೆ ಮಾಡೀನ್ರಿ” ಎಂದರು.

“ಮೊಸರು ಎಷ್ಟು ಹಾಕಿದ್ರಿ ಅಮ್ಮಾ?”

“ಒಂದು ಚಮಚ. ಉಳಿದದ್ದೆಲ್ಲ ಹಾಲು. ಪ್ರಯಾಣಕ್ಕ ಹಂಗಽ ಅಲ್ರಿ ಮಾಡೋದು? ಇಲ್ಲಂದ್ರ ಉಣ್ಣೋ ಹೊತ್ತಿಗೆ ಹುಳಿ ಆಗ್ತದ.”

ಬಿಸಿ ಅನ್ನ, ಬೆಚ್ಚಗಿನ ಹಾಲು, ಬಿಗಿ ಮುಚ್ಚಳ, ಗಾಡಿಯೊಳಗಿನ ಕಾವು. ಕಾಪಾಡಬಹುದಾಗಿದ್ದ ಹುಳಿಯನ್ನು ಅಕ್ಕರೆಯಿಂದಲೇ ದೂರ ಇಟ್ಟಿದ್ದರು. ವಿವರಿಸಿದೆ. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ರಾಯರು ಒಳಗಿನಿಂದಲೇ ರೇಗಿದರು: “ಡಾಕ್ಟ್ರೇ, ಹೊಟ್ಟಿ ಕೆಟ್ರ ಉಣ್ಣೋದು ಮೊಸರನ್ನ. ಅದರಿಂದಽ ಹೊಟ್ಟಿ ಕೆಡ್ತದೇನ್ರಿ?”

“ನೀವು ಸುಮ್ಮನಿರ್ರಿ” ಎಂದರು ಇಂದಿರಾಬಾಯಿ. ಆಮೇಲೆ ನನ್ನನ್ನು ಕೇಳಿದರು, “ಆ ಹೆಣ್ಮಗಳ ಹೋಟ್ಲು ಮುಚ್ಯಾರೇನು?”

“ಮುಚ್ಯಾರಮ್ಮ.”

“ಹಂಗಾರ ತಪ್ಪು ನಮ್ಮ ಮನೀದಂತ ಬರೀರಿ.”

ಬರೆದೆ, ನಮ್ಮ ಭಾಷೆಯಲ್ಲಿ. ‘ಹೋಟೆಲ್ ಆಹಾರವೇ ಮೂಲವೆನ್ನಲು ಪುರಾವೆ ದೊರೆತಿಲ್ಲ. ಹೊರಗಿನಿಂದ ತಂದ ಅನ್ನ ಸಂಭವನೀಯ ಮೂಲ.’ ಮಾದರಿ ಇಲ್ಲದೆ ಅದಕ್ಕಿಂತ ಹೆಚ್ಚು ಬರೆಯಲು ನನ್ನ ವಿದ್ಯೆ ಬಿಡುವುದಿಲ್ಲ. ಹೋಟೆಲ್ ತೆರೆಯಲು ಅನುಮತಿ ಸಿಕ್ಕಿತು. ಸರೋಜ ವರದಿಯ ಪ್ರತಿ ಓದಿ ಮಡಚಿದರು.

“ನನ್ನ ತಪ್ಪಿಲ್ಲ ಅಂತ ಇದರಾಗ ಎಲ್ಲೈತ್ರಿ ಸಾರ್?”

“ಹಾಗೆ ಬರೆಯುವ ಪದ್ಧತಿ ಇಲ್ಲಮ್ಮ.”

“ತಪ್ಪೈತಿ ಅನ್ನೋ ಮುಂದ ಯಾರೂ ಪದ್ಧತಿ ಕೇಳ್ಲಿಲ್ಲ ನೋಡ್ರಿ” ಎಂದು ಗಲ್ಲಾದ ಹಿಂದೆ ಹೋಗಿ ಕುಳಿತರು. ಹಂಪಿಗೆ ಹೋಗುವಾಗ ಆ ದಾರಿಯಲ್ಲಿ ಇಣುಕುತ್ತಿದ್ದೆ. ಬೇಸಿಗೆ ಕಳೆಯುವವರೆಗೂ ಆರು ಟೇಬಲ್ಲೂ ಖಾಲಿ.

ನಿವೃತ್ತನಾದ ಮೇಲೆ ಈ ಕೇಸನ್ನು ಕಿರಿಯ ವೈದ್ಯರಿಗೆ ಪಾಠವಾಗಿ ಹೇಳುತ್ತ ಬಂದೆ. ಕೊನೆಗೆ, ಇಂದಿರಾಬಾಯಿ ಉಳಿದ ಹದಿಮೂರು ಮನೆಗೂ ಫೋನ್ ಮಾಡಿ ತಪ್ಪು ನಮ್ಮದೆಂದರು, ಹೋಟೆಲ್ ಉಳಿಯಿತು ಎನ್ನುತ್ತಿದ್ದೆ. ಕಳೆದ ವರ್ಷ ಒಂದು ಮಧ್ಯಾಹ್ನ ಅಲ್ಲೇ ಊಟಕ್ಕೆ ಕೂತಾಗ ಸರೋಜರಿಗೂ ಅದನ್ನೇ ಹೇಳಿದೆ. ಮೂರು ಟೇಬಲ್ ತುಂಬಿದ್ದವು.

“ಫೋನಾ? ಇಲ್ರಿ ಸಾರ್, ಯಾರು ಹೇಳಿದ್ರು ನಿಮಗ?”

ಯಾರು ಹೇಳಿದರೆಂದು ಹುಡುಕಿದೆ. ಯಾರೂ ಹೇಳಿರಲಿಲ್ಲ. ಕಥೆಗೆ ಒಂದು ಕೊನೆ ಬೇಕಿತ್ತು, ನನ್ನ ನೆನಪು ಒದಗಿಸಿತ್ತು.

“ಆಯಮ್ಮ ತಾವಽ ಬಂದಿದ್ರು” ಎಂದರು ಸರೋಜ. “ರಾಯರ್ನ, ವಾಂತಿ ಆದವರಾಗ ನಾಕೈದು ಮಂದೀನ ಕರ್ಕೊಂಡು. ರೋಡಿಗೆ ಕಾಣೋ ಆ ಕಿಟಕಿ ಟೇಬಲ್ಲಿಗೆ ಕುಂದ್ರಿಸಿದ್ರು, ಉಣ್ರಿ ಅಂದ್ರು. ತಾವು ನೀರೂ ಮುಟ್ಟಲಿಲ್ಲ ಬಿಡ್ರಿ, ಅವರ ಮಡಿ ಅವರಿಗೆ. ಆದ್ರ ಎಲ್ಲಾರ ಊಟ ಮುಗಿಯೋಮಟ ಎದ್ದಿಲ್ಲ. ಅವಾಗಿಂದ ಒಬ್ಬೊಬ್ರು ಬರಾಕ ಹತ್ತಿದ್ರು.”

“ಅವತ್ತು ಅವರೆಲ್ಲ ಏನು ತಿಂದ್ರು?” ಹಳೆಯ ಚಟ, ಬಾಯಿಗೆ ಬಂದುಬಿಟ್ಟಿತು.

ಸರೋಜ ನನ್ನ ಲೋಟಕ್ಕೆ ನೀರು ಸುರಿದರು. “ಅದ್ಯಾರಿಗೆ ನೆನಪಿರ್ತೈತ್ರಿ ಸಾರ್? ಯಾರಿಗೂ ಏನೂ ಆಗ್ಲಿಲ್ಲಲ್ಲ.”

ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಸುಖವಾಗಿ ಅರಗಿದ ಊಟಕ್ಕೆ ಸಾಕ್ಷಿ ಇರುವುದಿಲ್ಲ.