ಇನ್ನೊಂದು ಬಿಸಿಲು

ಮಳೆಗಾಲದಲ್ಲಿ ಮಂಕಾಗುವವರು ನಮ್ಮ ಕಡೆ ಬೇಕಾದಷ್ಟು ಜನ. ನಾಲ್ಕು ತಿಂಗಳು ಬಟ್ಟೆ ಒಣಗದೆ, ಸೂರ್ಯನ ಮುಖ ಕಾಣದೆ ಇದ್ದರೆ ಯಾರಿಗಾದರೂ ಬೇಜಾರು ಬರುತ್ತದೆ ಎಂದು ಎಲ್ಲರೂ ಒಪ್ಪುತ್ತಾರೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ನಾನು ಆ ಜಡಿಮಳೆಯಲ್ಲಿ ಕಲ್ಲುಗುಂಡಿನ ಹಾಗೆ ಕೂತು ಬಟ್ಟೆ ಹೊಲಿಯುತ್ತೇನೆ. ದೀಪಾವಳಿ ಕಳೆದು, ಸಂಜೆ ಬೇಗ ಕತ್ತಲಾಗತೊಡಗಿತೋ, ನನ್ನ ಕಥೆ ಮುಗಿಯಿತು.

ಹೇಳಿಕೊಂಡರೆ ಜನ ನಗುತ್ತಾರೆ. ಡಿಸೆಂಬರಿನಲ್ಲೂ ಫ್ಯಾನು ಹಾಕಿಕೊಂಡು ಮಲಗುವ ಊರಿನಲ್ಲಿ ಚಳಿಗಾಲದ ಕಾಯಿಲೆಯಂತೆ! ಆದರೆ ಬೆಳಿಗ್ಗೆ ಕಣ್ಣು ಬಿಟ್ಟರೆ ಎದೆಯ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗೆ. ತಲೆ ಬಾಚುವುದೂ ಬೇಡ, ಸ್ನಾನವೂ ಬೇಡ. ಕಾರಣವಿಲ್ಲದೆ ಅಳು. ನಾಚಿಕೆಯೂ ಆಗುತ್ತಿತ್ತು.

ತಲ್ಲೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಮದುವೆಗಳೆಲ್ಲ ಇರುವುದೇ ಈ ಬೇಸಗೆಯ ಮುಂಚಿನ ತಿಂಗಳುಗಳಲ್ಲಿ. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಒಬ್ಬ ಮದುಮಗಳ ಬಟ್ಟೆಯನ್ನು ಕತ್ತರಿ ಹಾಕದೆಯೇ ವಾಪಸು ಕೊಟ್ಟಿದ್ದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಚೀಲ ಹಿಡಿದುಕೊಂಡು, ಬೇರೆ ಟೈಲರನ್ನು ಹುಡುಕಿ ಕುಂದಾಪುರದ ಬಸ್ಸು ಹತ್ತಿದಳು. ಮರುವರ್ಷ ತ್ರಾಸಿಯ ಹುಡುಗಿಯೊಬ್ಬಳು ಐದು ಬ್ಲೌಸಿನ ಬಟ್ಟೆ ಕೊಟ್ಟುಹೋದಳು. ಮದುವೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಅಷ್ಟರಲ್ಲೇ ನಾನು ಮತ್ತೆ ಹಾಸಿಗೆ ಹಿಡಿದೆ. ಅಂಗಡಿಯ ಕೀಲಿ ಮೊಳೆಯಲ್ಲಿ ನೇತಾಡುತ್ತಿತ್ತು. ಈ ಸಲವೂ ಬಟ್ಟೆ ವಾಪಸು ಕೊಟ್ಟರೆ ಮತ್ತೆ ಯಾರೂ ನನ್ನ ಬಾಗಿಲಿಗೆ ಬರುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದರೇನು, ಏಳಲು ಆಗಬೇಕಲ್ಲ!

ಬೈಂದೂರಿನ ಹೋಟೆಲಿನಲ್ಲಿ ಕೆಲಸ ಮಾಡುವ ಗಂಡ ಒಂದು ದಿನ ರಜೆ ಹಾಕಿ ಕುಂದಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನಗಲಿಲ್ಲ. ಕೆಲವರಿಗೆ ಹೀಗಾಗುತ್ತದೆ ಎಂದು ಮಾತ್ರೆ ಬರೆದುಕೊಟ್ಟರು. ದಿನಾ ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೂರಬೇಕು, ನಡೆಯಬೇಕು ಎಂದರು. ಮನೆಗೆ ಬಂದು ಹೇಳಿದರೆ ಅತ್ತೆಯ ಪ್ರಶ್ನೆ, "ಬಿಸ್ಲಂಗೆ ಕೂಕಣ್ ಅಂದೇಳಿ ಹೇಳುಕೆ ಡಾಕ್ಟ್ರೇ ಬೇಕಾ?" ನನಗೆ ಮೈ ಉರಿಯಿತು. ಮಾತ್ರೆ ನುಂಗಿದೆ. ಬಿಸಿಲಿಗೆ ಹೋಗಲಿಲ್ಲ.

ನಾಲ್ಕು ದಿನ ಕಳೆದಿರಬೇಕು. ಅತ್ತೆ ಬಾಗಿಲಲ್ಲಿ ನಿಂತು ಕೂಗಿದರು.

"ಹೆಣೆ, ಏಳ್. ಬೇಯ್ಸಿದ್ ಭತ್ತ ಅಂಗಳ್ದಂಗೆ ಹರ್ಗಿ ಆಯ್ತ್. ಕಾಕಿ ಓಡ್ಸುಕೆ ಯಾರೂ ಇಲ್ಲೆ."

ಮದುಮಗಳ ಬ್ಲೌಸು ಹೊಲಿಯುವವಳಿಗೆ ಕಾಗೆ ಓಡಿಸುವ ಕೆಲಸ! ನಾನು ಬೇರೆ ಯಾವುದಕ್ಕೂ ಆಗುವವಳಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದಾರೆ ಅನ್ನಿಸಿತು. ಜಗಳವಾಡಲೂ ತ್ರಾಣವಿಲ್ಲದೆ ಎದ್ದು ಹೋದೆ. ಕಾಗೆ ಓಡಿಸಿದರೆ ಸಾಲದು, ಆಗಾಗ ಅಂಗಳದಲ್ಲಿ ಹರಡಿದ ಭತ್ತದೊಳಗೆ ಕಾಲೆಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆದು ಅದನ್ನು ಮಗುಚಬೇಕು. ಮೊದಲ ದಿನ ಬೈದುಕೊಂಡೇ ನಡೆದೆ. ಸಂಜೆ ಅತ್ತೆ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರು. "ಇನ್ನೊಂದ್ ಬಿಸಿಲ್ ಬೇಕ್" ಎಂದರು.

ಮರುದಿನವೂ ಅದೇ ಮಾತು. ಅದರ ಮರುದಿನವೂ ಅದೇ. ಸಾಸ್ತಾನದ ಪೇಟೆಮನೆಯಲ್ಲಿ ಬೆಳೆದ ನನಗೆ ಅಕ್ಕಿ ಅಂಗಡಿಯಿಂದ ಬರುತ್ತದೆ ಎಂದು ಗೊತ್ತಿತ್ತೇ ಹೊರತು ಭತ್ತ ಎಷ್ಟು ದಿನ ಒಣಗಬೇಕೆಂದು ಗೊತ್ತಿರಲಿಲ್ಲ. ಐದನೇ ದಿನ ಯಾರೂ ಹೇಳದೆ ಸ್ನಾನ ಮಾಡಿದೆ. ಏಳನೇ ದಿನ ಒಂದು ಕೊಬ್ಬಿದ ಕಾಗೆಗೆ ಎಷ್ಟು ಜೋರಾಗಿ ಬೈದೆನೆಂದರೆ, ನನ್ನ ದನಿ ಕೇಳಿ ನನಗೇ ನಗು ಬಂತು. ಎಷ್ಟೋ ದಿನಗಳ ಮೇಲೆ ನಕ್ಕಿದ್ದೆ. ಹತ್ತನೇ ದಿನ ತ್ರಾಸಿ ಹುಡುಗಿಯ ಬಟ್ಟೆ ತಂದು, ಜಗುಲಿಯಲ್ಲಿ ಕೂತು ಚಾಕ್‌ಪೀಸಿನಿಂದ ಗೆರೆ ಎಳೆದೆ. ಕತ್ತರಿಯನ್ನೂ ಹಾಕಿದೆ. ಅವತ್ತು ಸಂಜೆ ಅತ್ತೆ ಕಾಳು ಕಚ್ಚದೆಯೇ "ಸಾಕ್, ಮಿಲ್ಲಿಗ್ ಹಾಕ್ವ" ಎಂದರು.

ಅಂಗಡಿ ತೆರೆಯಲು ಹೊರಟವಳು ರಿಕ್ಷಾದಲ್ಲಿ ಭತ್ತವನ್ನೂ ಹಾಕಿಕೊಂಡು ಹೋದೆ. ಮಿಲ್ಲಿನವರು ಕೆಳಗೆ ಬೀಳುತ್ತಿದ್ದ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು ನನ್ನ ಮುಖ ನೋಡಿದರು.

"ಹ್ವಾಯ್ ಅಕ್ಕಾ, ಇಷ್ಟ್ ಒಣ್ಸುದಾ? ಎಲ್ಲಾ ನುಚ್ಚಾಯ್ತ್ ಕಾಣಿ. ನಿಮ್ ಅತ್ತೆ ಭತ್ತ ಒಂದ್ ವರ್ಷವೂ ಹೀಂಗ್ ಆದ್ದಿಲ್ಲೆ!"

ಮನೆಗೆ ಬಂದು ಅತ್ತೆಯನ್ನು ಕೇಳಿಯೇ ಬಿಟ್ಟೆ. ಅವರು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ.

"ಮೂರ್ನೇ ದಿನವೇ ಒಣ್ಗಿತ್ತ್, ನಂಗ್ ಗೊತ್ತಿಲ್ಯಾ? ಒಣ್ಗಿತ್ತ್ ಅಂದ್ರೆ ನೀ ಮರ್ದಿನ ಏಳ್ತಿದ್ಯಾ?"

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅದು ಕಾರಣವಿಲ್ಲದ ಅಳುವಲ್ಲ, ಹಗುರವಾಗುವ ಅಳು. "ಅಳೂದ್ ಬಿಟ್ಟ್ ನುಚ್ಚ್ ಗಾಳ್ಸ್" ಎಂದು ಅತ್ತೆ ಮೊರವನ್ನು ನನ್ನ ಕಡೆ ತಳ್ಳಿದರು.

ತ್ರಾಸಿಯ ಹುಡುಗಿ ಮದುವೆಗೆ ವಾರವಿರುವಾಗ ಬಂದು ಐದೂ ಬ್ಲೌಸು ಒಯ್ದಳು. ಒಂದರ ತೋಳು ಬಿಗಿ ಎಂದು ಜಗಳವಾಡಿದಳು. ಆ ಜಗಳ ಎಷ್ಟು ಖುಷಿ ಕೊಟ್ಟಿತೆಂದರೆ, ಪಟ್ಟೆಂದು ಬಿಚ್ಚಿ ಸರಿಮಾಡಿ ಕೊಟ್ಟೆ. ಆ ವರ್ಷವಿಡೀ ನಮ್ಮ ಮನೆಯಲ್ಲಿ ನುಚ್ಚಿನ ಗಂಜಿ. ಗಂಡ ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ.

ಬೇಜಾರು ಪೂರ್ತಿ ಬಿಟ್ಟುಹೋಗಿಲ್ಲ. ಮಾತ್ರೆ ಈಗಲೂ ಇದೆ. ಈ ವರ್ಷ ದೀಪಾವಳಿ ಕಳೆದು ಎದೆ ಭಾರವಾಗತೊಡಗಿದಾಗ ಭತ್ತ ಬೇಯಿಸುವುದು ಯಾವಾಗ ಎಂದು ನಾನೇ ಕೇಳಿದೆ. ಅಂಗಳದಲ್ಲಿ ಹರಡಿದ ಮೂರನೇ ಸಂಜೆ ಕಾಳನ್ನು ಕಚ್ಚಿ ನೋಡಿದವಳೂ ನಾನೇ. ಕಟ್ ಎಂದಿತು. ಒಣಗಿತ್ತು.

"ಮಿಲ್ಲಿಗ್ ಹಾಕ್ವನಾ?" ಎಂದು ಅತ್ತೆ ನನ್ನನ್ನು ಕೇಳಿದರು.

"ಹಾಕ್ವ. ಒಂದ್ ಬುಟ್ಟಿ ಮಾತ್ರ ನಂಗ್ ಇರ್ಲಿ ಅತ್ತೆ, ಅದ್ಕೆ ಇನ್ನೊಂದ್ ಬಿಸಿಲ್ ಬೇಕ್" ಎಂದೆ.