ಇಲ್ಲದ ನೆಲಕ್ಕೆ ಹಾಕಿದ ಸಹಿ

ನನ್ನ ತಮ್ಮ ಆಂಧ್ರದ ಕರಾವಳಿಯಾಚೆ, ಸಮುದ್ರದ ನಡುವೆ ಕಂಬಗಳ ಮೇಲೆ ನಿಂತ ತೈಲಬಾವಿಯ ಕಟ್ಟೆಯೊಂದರಲ್ಲಿ ವೆಲ್ಡರ್ ಆಗಿದ್ದ. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಕೆಂಚಾರ್ಲಹಳ್ಳಿಯ ನಮ್ಮ ಮನೆಯಲ್ಲಿ. ಊರಿಗೆ ಬಂದಾಗ ನನ್ನೊಡನೆ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತ ಅಲ್ಲಿನ ಸಂಗತಿಗಳನ್ನು ಹೇಳುತ್ತಿದ್ದ.

"ಅಲ್ಲಿ ನೆಲ ಅಂದ್ರೆ ಕಬ್ಬಿಣದ ಜಾಲರಿ ಕಣಣ್ಣ. ಬಗ್ಗಿ ನೋಡಿದ್ರೆ ಕೆಳಗೆ ಸಮುದ್ರ. ಒಂದು ಮೂಲೇಲಿ ತುಕ್ಕು ಹಿಡ್ದು ಕಾಲಿಟ್ರೆ ಅಲ್ಲಾಡ್ತದೆ."

"ಯಾರೂ ನೋಡಲ್ವೇನೋ?"

"ಸರ್ಕಾರದೋರು ಬಂದು ತಪಾಸಣೆ ಮಾಡ್ತಾರಂತೆ. ನಾನಂತೂ ಒಬ್ಬರ ಮುಖಾನೂ ಕಂಡಿಲ್ಲ."

ಆ ಮೂಲೆಯ ಜಾಲರಿಯೇ ಕುಸಿದು ಅವನು ಸಮುದ್ರಕ್ಕೆ ಬಿದ್ದ. ಸರ್ಕಾರಿ ಕಚೇರಿಯ ವಿಚಾರಣಾ ವರದಿ ಬಂದಾಗ ಅದರಲ್ಲಿದ್ದದ್ದು ಹೀಗೆ: ತಪಾಸಣಾ ದಾಖಲೆಯ ಪ್ರಕಾರ ಜಾಲರಿ ಸುಸ್ಥಿತಿಯಲ್ಲಿತ್ತು, ಮೃತನು ಸುರಕ್ಷತಾ ಬೆಲ್ಟು ಸಿಕ್ಕಿಸಿಕೊಂಡಿರಲಿಲ್ಲ, ಸಾವಿಗೆ ಕಾರಣ ಸ್ವಂತ ನಿರ್ಲಕ್ಷ್ಯ.

ತಮ್ಮನ ಹೆಂಡತಿ ಗಡಿಯಾಚೆಯ ತೆಲುಗು ಹಳ್ಳಿಯವಳು. ಅವಳು ಕಂಪನಿಯವರನ್ನು ಬೈಯಲಿಲ್ಲ, ಏನನ್ನೂ ಬೇಡಲಿಲ್ಲ. "ಅಯ್ಯೋ ಭಾವ, ಹೆಲ್ಮೆಟ್ ಇಲ್ದೆ ಚಿಂತಾಮಣಿಗೂ ಹೋಗ್ತಿರ್ಲಿಲ್ಲ ಆ ಮನುಷ್ಯ. ನನಗೆ ಇನ್ನೇನೂ ಬೇಡ. ಸ್ವಂತ ನಿರ್ಲಕ್ಷ್ಯ ಅನ್ನೋ ಆ ಎರಡು ಪದ ತೆಗೆಸಿಕೊಡಿ" ಎಂದಳು.

ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಓದಿದ್ದೆಲ್ಲ ಆಮೇಲೆ, ನಿಘಂಟು ಇಟ್ಟುಕೊಂಡು, ಒಬ್ಬನೇ. ಊರಿನ ಕೆರೆಯನ್ನು ಭೂತಗಳು ಒಂದೇ ರಾತ್ರಿಯಲ್ಲಿ ಕಟ್ಟಿದವೆಂಬ ಕಥೆಯನ್ನು ಹಿರಿಯರು ಹೇಳಿದಾಗ, ಹಾಗಾದರೆ ಮಣ್ಣು ಹೊತ್ತವರ ಕೂಲಿಯನ್ನು ಯಾರು ತಿಂದರೆಂದು ಕೇಳಿ ಏಟು ತಿಂದವನು. ವರದಿಯನ್ನೂ ನಾನು ಹಾಗೆಯೇ ಓದಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತಪಾಸಣಾ ದಾಖಲೆಯ ಪ್ರತಿ ತರಿಸಿದೆ. ವರ್ಷದ ನಾಲ್ಕು ತಪಾಸಣೆಗಳಿಗೆ ನಾಲ್ಕು ಸಾಲು, ನಾಲ್ಕು ಸಹಿ. ಪ್ರತಿ ಸಾಲಿನಲ್ಲೂ ಜಾಲರಿ ಸುಸ್ಥಿತಿಯಲ್ಲಿದೆ ಎಂಬ ಒಂದೇ ಮಾತು. ನಾಲ್ಕನೆಯ ಸಹಿಯ ತಾರೀಖು ನನ್ನ ತಮ್ಮ ಸತ್ತ ಇಪ್ಪತ್ತು ದಿನಗಳ ನಂತರದ್ದು. ಆ ಹೊತ್ತಿಗೆ ಜಾಲರಿ ಸಮುದ್ರದ ತಳದಲ್ಲಿತ್ತು.

ನನಗೆ ಆಶ್ಚರ್ಯವಾಗಲಿಲ್ಲ. ಅಂಥ ಸಹಿ ನನ್ನ ಮನೆಯಲ್ಲೇ ಇತ್ತು.

ನಮ್ಮ ಹುಳುಮನೆಯ ಬಾಗಿಲ ಪಕ್ಕದ ಮೊಳೆಗೆ ಒಂದು ಕಾರ್ಡು ತೂಗುತ್ತದೆ. ರೇಷ್ಮೆಹುಳು ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಅದನ್ನು ನಾವು ಜ್ವರ ಎನ್ನುತ್ತೇವೆ. ಪ್ರತಿ ಜ್ವರಕ್ಕೂ ರೇಷ್ಮೆ ಇಲಾಖೆಯ ನಿರೀಕ್ಷಕ ಬಂದು, ಹುಳು ನೋಡಿ, ಕಾರ್ಡಿಗೆ ಸಹಿ ಹಾಕಬೇಕು. ಅವನು ಬೆಳೆಗೊಮ್ಮೆ ಮಾತ್ರ ಬರುತ್ತಿದ್ದ; ಜಗಲಿಯಲ್ಲಿ ಕಾಫಿ ಕುಡಿದು ನಾಲ್ಕನ್ನೂ ಹಾಕಿ ಹೋಗುತ್ತಿದ್ದ. ಪೆನ್ನು ಕೊಡುತ್ತಿದ್ದವನು ನಾನು. ಒಂದು ಬೆಳೆಯಲ್ಲಿ ಮೂರನೆಯ ಜ್ವರ ಏಳುವ ಮೊದಲೇ ಸಪ್ಪೆ ರೋಗ ತಗುಲಿ ಹುಳುವನ್ನೆಲ್ಲ ಗುಂಡಿಗೆ ಸುರಿದು ಸುಣ್ಣ ಹಾಕಿದೆವು. ಕಾರ್ಡಿನಲ್ಲಿ ಮಾತ್ರ ನಾಲ್ಕನೆಯ ಜ್ವರದಲ್ಲೂ ಹುಳು ಆರೋಗ್ಯವಾಗಿತ್ತು. ತಮ್ಮ ಅದನ್ನು ಹಿಡಿದುಕೊಂಡು, "ಅಣ್ಣ, ಗುಂಡಿ ತೋಡಿ ಹುಳ ಎಬ್ಬಿಸೋಣ ಬಾ, ಸರ್ಕಾರ ಬದುಕಿದಾವೆ ಅಂತೈತೆ" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ.

ಮರುವಿಚಾರಣೆ ಕೋರಿ ಬರೆದೆ. ಬಹಳ ಪತ್ರಗಳ ನಂತರ ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಗೆ ಕರೆದು ಟಿ.ವಿ. ಪರದೆಯೊಂದರ ಮುಂದೆ ಕೂರಿಸಿದರು. ತಮ್ಮನ ಹೆಂಡತಿ ಪಕ್ಕದಲ್ಲಿದ್ದಳು. ಪರದೆಯೊಳಗಿನ ವಿಚಾರಣಾ ಅಧಿಕಾರಿ ಕನ್ನಡದವನೇ, ಮಾತು ಮೃದು.

"ಯಜಮಾನ್ರೇ, ತಾರೀಖು ಬರೆಯೋವಾಗ ಕೈ ತಪ್ಪಿರಬಹುದಲ್ವಾ? ಒಂದೇ ಸಲ ಕೂತು ಹಾಕಿದ ಸಹಿ ಅಂತ ನೀವು ಹೇಗೆ ಹೇಳ್ತೀರಿ?"

ನನ್ನ ಕಾರ್ಡಿನ ಕಥೆ ಹೇಳಿದೆ. ಸತ್ಯ ಹೇಳುವವನು ತನ್ನ ಪಾಲನ್ನು ಮುಚ್ಚಿಡಬಾರದೆಂದು ನಂಬಿದ್ದೆ. ಅವನು ಕೊನೆಯವರೆಗೂ ಕೇಳಿದ.

"ಸರಿ. ಆ ಸಹಿಯಿಂದ ನಿಮ್ಮ ಹುಳ ಸತ್ವಾ?"

"ಇಲ್ಲ ಸ್ವಾಮಿ. ರೋಗದಿಂದ ಸತ್ತವು."

"ಅಷ್ಟೇ ಸಾಕು" ಎಂದ. ಪರದೆ ನೀಲಿಯಾಯಿತು.

ಬಸ್ಸು ಶಿಡ್ಲಘಟ್ಟ ದಾಟುವಾಗ ಉತ್ತರ ಹೊಳೆಯಿತು. ಎರಡನೆಯ ಜ್ವರಕ್ಕೆ ನಿರೀಕ್ಷಕ ನಿಜವಾಗಿ ಒಳಗೆ ಬಂದಿದ್ದರೆ ಸಪ್ಪೆಯಾದ ಹುಳುಗಳನ್ನು ಕಂಡು ಬೇರೆ ಮಾಡಿಸುತ್ತಿದ್ದ, ಉಳಿದವು ಬದುಕುತ್ತಿದ್ದವು. ಜಾಲರಿಯನ್ನೂ ಒಬ್ಬನು ತುಳಿದು ನೋಡಿದ್ದರೆ ಸಾಕಿತ್ತು. ಅದನ್ನು ಜೋರಾಗಿಯೇ ಹೇಳಿದೆ.

ಅವಳು ಕಿಟಕಿಯಿಂದ ತಿರುಗಲಿಲ್ಲ. "ಅಲ್ಲೇ ಹೇಳ್ಬೇಕಿತ್ತು ಭಾವ."

ಆದೇಶ ಬಂದಿತು. ತಾರೀಖಿನಲ್ಲಿ ಬರಹದ ದೋಷವಿದೆಯಂತೆ. ಸಹಿಗೂ ಘಟನೆಗೂ ಸಂಬಂಧವಿಲ್ಲವೆಂಬುದನ್ನು ಅರ್ಜಿದಾರರೇ ತಮ್ಮ ಅನುಭವದ ಉದಾಹರಣೆ ಸಹಿತ ಒಪ್ಪಿಕೊಂಡಿರುವುದರಿಂದ ಮೂಲ ವರದಿಯನ್ನು ಎತ್ತಿಹಿಡಿಯಲಾಗಿದೆಯಂತೆ. ಅವಳು ಸೊಪ್ಪು ಹೆಚ್ಚುತ್ತಿದ್ದಳು.

"ಆ ಎರಡು ಪದ?"

"ಹಾಗೇ ಇವೆ ಕಣಮ್ಮ."

ಪೂರ್ತಿ ಓದಿ ಎಂದಳು. ನನ್ನನ್ನು ಕುರಿತ ಸಾಲನ್ನು ಬಿಟ್ಟು ಓದಬಹುದಾಗಿತ್ತು. ಬಿಡಲಿಲ್ಲ. ಅವಳ ಕತ್ತಿ ಒಂದು ಗಳಿಗೆ ನಿಂತು, ಮತ್ತೆ ನಡೆಯಿತು.

ಅನಂತರವೂ ಮೂರು ಮನವಿ ಬರೆದಿದ್ದೇನೆ. ಬಸ್ಸಿನಲ್ಲಿ ಹೊಳೆದ ಉತ್ತರ ಮೂರರಲ್ಲೂ ಇದೆ. ಯಾವುದಕ್ಕೂ ಜವಾಬಿಲ್ಲ.

ಈ ಬೆಳೆಗೆ ನಿರೀಕ್ಷಕ ಬಂದ. ಸ್ಕೂಟರಿನಿಂದ ಇಳಿಯುವ ಮೊದಲೇ, "ಯಜಮಾನ್ರೇ, ಕಾರ್ಡು ಕೊಡಿ" ಎಂದು ಕೈ ಚಾಚಿದ. ನಾನು ಏಳುವಷ್ಟರಲ್ಲಿ ತಮ್ಮನ ಹೆಂಡತಿ ಅದನ್ನು ಮೊಳೆಯಿಂದ ತೆಗೆದುಕೊಂಡು, ಬ್ಲೀಚಿಂಗ್ ನೀರಿನ ತಟ್ಟೆಯನ್ನು ಕಾಲಿನಿಂದ ಅವನ ಮುಂದೆ ಸರಿಸಿದಳು.

"ಕಾಲು ಅದ್ದಿಕೊಂಡು ಒಳಗೆ ಬನ್ನಿ ಸಾರ್. ಹುಳ ನೋಡಿ. ಆಮೇಲೆ ಸೈನು, ಒಂದೇ."

ಅವನು ನನ್ನತ್ತ ನೋಡಿ ನಕ್ಕ. "ಏನ್ ಯಜಮಾನ್ರೇ, ನಿಮ್ಮನೇಲಿ ಹೊಸ ರೂಲ್ಸಾ?"

ನಾನು ನಗಲಿಲ್ಲ. ಅವನು ಒಳಗೆ ಹೋಗಿ, ಹುಳುವಿನ ತಟ್ಟೆಗಳ ನಡುವೆ ಬಗ್ಗಿ ನೋಡಿ, ಬಂದು ಒಂದು ಸಹಿ ಹಾಕಿದ. ಅವಳು ತಾರೀಖನ್ನು ಎರಡು ಸಲ ನೋಡಿದಳು. ಕಾರ್ಡಿಗಾಗಿ ನಾನು ಕೈ ಚಾಚಿದೆ. ಅವಳು ನನ್ನ ಪಕ್ಕದಿಂದಲೇ ಹಾದುಹೋಗಿ ತಾನೇ ಅದನ್ನು ಮೊಳೆಗೆ ತೂಗುಹಾಕಿದಳು.