ಮಾಮಾನ ಹೆಸರಿನ ರಿಪೋರ್ಟು

ಬೂಟಿನ ಲೇಸು ಕಟ್ಟಲು ಬಗ್ಗಿದ ಮಾಮಾ ಹಾಗೆಯೇ ನಿಂತುಬಿಟ್ಟರು. ಎದೆಯ ಮೇಲೆ ಯಾರೋ ಮೊಣಕಾಲೂರಿದಂತಿದೆ ಎಂದರು. ಹಣೆ ಬೆವರುತ್ತಿತ್ತು.

"ಗ್ಯಾಸ್ ಆಗ್ಯಾದ. ಒಂದೀಟು ಸೋಡಾ ಕೊಡು."

ಅಕ್ಕ ಸೋಡಾ ಕೊಡಲಿಲ್ಲ. ರಿಕ್ಷಾ ತರಲು ನನ್ನನ್ನು ಓಡಿಸಿದಳು.

ಶರಣಪ್ಪ ಮಾಮಾ ನನ್ನ ಅಕ್ಕನ ಗಂಡ. ತಳೇಗಾಂವದ ಕಾರ್ಖಾನೆಯೊಂದರಲ್ಲಿ ಕ್ರೇನ್ ಆಪರೇಟರ್. ವಯಸ್ಸು ನಲವತ್ನಾಲ್ಕು, ಸಣಕಲು ದೇಹ. ಬಿ.ಎಸ್ಸಿ. ಮುಗಿಸಿ ಇಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ನಾನು ಅವರ ಮನೆಯಲ್ಲೇ ಇದ್ದೇನೆ.

ಆಸ್ಪತ್ರೆಯಲ್ಲಿ ತೆಗೆದ ಮೊದಲ ಇಸಿಜಿಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೂ ಕೆಲವು ಗಂಟೆ ಇಲ್ಲೇ ಇರಬೇಕು, ಮತ್ತೊಮ್ಮೆ ನೋಡಬೇಕು ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು. ಅಷ್ಟರಲ್ಲಿ ನೋವು ಇಳಿದಿತ್ತು. ಮಾಮಾ ಬೂಟಿಗೆ ಕೈ ಹಾಕಿದರು.

"ಆರ್ ತಿಂಗಳ ಹಿಂದ ಕಂಪನಿಗೆ ಮೆಡಿಕಲ್ ಕೊಟ್ಟೀನಿ. ಕೊಲೆಸ್ಟ್ರಾಲ್ ನಾರ್ಮಲ್ ಅದ. ತೋರ್ಸು ಇವ್ರಿಗೆ."

ಅಕ್ಕ ಫೋನಿನಲ್ಲಿದ್ದ ರಿಪೋರ್ಟು ತೋರಿಸಿದಳು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಕಡಿಮೆಯೇ ಇತ್ತು. ಡಾಕ್ಟರು ಆಗಲೂ ಮನೆಗೆ ಹೋಗುವುದು ಬೇಡವೆಂದರು. ಮಾಮಾ ನನ್ನದೇ ಹೊಣೆ ಎಂದು ಸಹಿ ಹಾಕಿ ಹೋಗುತ್ತೇನೆಂದು ಹಟ ಹಿಡಿದು ಪೆನ್ನು ತೆಗೆದುಕೊಂಡರು.

ಆ ರಿಪೋರ್ಟಿನ ರಕ್ತ ನನ್ನದು.

ಆ ಮೆಡಿಕಲ್ ದಿನ ಅಕ್ಕ ಊರಿಗೆ ಹೋಗಿದ್ದಳು. ಲ್ಯಾಬಿನ ಹೆಂಗಸು ಮನೆಗೆ ಬಂದಾಗ ಮಾಮಾ ಎರಡು ಕಪ್ ಚಹಾ, ಒಂದು ತಾಟು ಮಂಡಕ್ಕಿ ಸುಸಲಾ ಮುಗಿಸಿದ್ದರು. ರಕ್ತ ಖಾಲಿ ಹೊಟ್ಟೆಯಲ್ಲಿ ಕೊಡಬೇಕಿತ್ತು. "ನೀ ಇನ್ನಾ ಹಲ್ಲ ಸೈತ ತಿಕ್ಕಿಲ್ಲ. ನೀನ ಕೊಡೋ ಸಾಹೇಬ," ಎಂದು ನಕ್ಕರು. ಶರಣಪ್ಪ ಅಂದರೆ ನೀವೇನಾ ಎಂದು ಆಕೆ ಕೇಳಿದಳು. ವಿಜ್ಞಾನ ಓದಿದ ನಾನು ಹೌದು ಎಂದು ತೋಳು ಚಾಚಿದೆ. ಆಮೇಲೆ ಅಕ್ಕ ಎಣ್ಣೆ ತಿಂಡಿಯ ಬಗ್ಗೆ ಗೊಣಗಿದಾಗಲೆಲ್ಲ ಮಾಮಾ ಆ ರಿಪೋರ್ಟನ್ನೇ ತೋರಿಸುತ್ತಿದ್ದರು. ಬರಬರುತ್ತ ಅವರೂ ಅದನ್ನು ನಂಬಿದ್ದರು.

ಈಗ ಇದನ್ನೆಲ್ಲ ಡಾಕ್ಟರಿಗೆ ಮರಾಠಿಯಲ್ಲೇ ಹೇಳಿದೆ. ಅಕ್ಕನಿಗೂ ಮರಾಠಿ ಬರುತ್ತದೆ, ಮತ್ತೆ ಹೇಳಬೇಕಾಗಲಿಲ್ಲ.

ಅವಳು ಗಂಡನ ಕೈಯಿಂದ ಪೆನ್ನು ಕಿತ್ತುಕೊಂಡಳು. "ಇಬ್ಬರೂ ಕೂಡಿ ನನ್ನ ಬಾಯಾಗ ಮಣ್ಣ ಹಾಕ್ತಿದ್ರಿ. ಈಗ ಸುಮ್ಮ ಮಕ್ಕೋರಿ."

ಎರಡನೆಯ ಇಸಿಜಿ ಬದಲಾಗಿತ್ತು. ಹೃದಯಾಘಾತ.

ಆಂಜಿಯೋಗ್ರಫಿ, ನಂತರ ಸ್ಟೆಂಟ್. ಮಾಮಾನ ನಿಜವಾದ ಎಲ್‌ಡಿಎಲ್ ಬಹಳ ಹೆಚ್ಚಿತ್ತು. ಎಲ್‌ಡಿಎಲ್ ಎಂದರೆ ಕೊಬ್ಬು ಹೊತ್ತು ರಕ್ತದಲ್ಲಿ ಓಡಾಡುವ ಕಣಗಳು ಎಂದು ಡಾಕ್ಟರು ವಿವರಿಸಿದರು. ಹೆಚ್ಚಾದಾಗ ರಕ್ತನಾಳದ ಒಳಪದರಕ್ಕೆ ನುಗ್ಗಿ ಸಿಕ್ಕಿಕೊಳ್ಳುತ್ತವೆ, ಅವನ್ನು ನುಂಗಿ ತೆರವು ಮಾಡಲು ಬಂದ ಜೀವಕೋಶಗಳು ತಾವೇ ಕೊಬ್ಬು ತುಂಬಿಕೊಂಡು ಅಲ್ಲೇ ಉಳಿಯುತ್ತವೆ, ಹಾಗೆ ವರ್ಷಗಟ್ಟಲೆ ಬೆಳೆದ ದಪ್ಪ ಪದರ ಒಂದು ದಿನ ಬಿರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ನೋವಿಲ್ಲದೆ ನಡೆಯುವ ಕೆಲಸ. ತೆಳ್ಳಗಿದ್ದವರಲ್ಲೂ.

ಇದು ಆರು ತಿಂಗಳಲ್ಲಿ ಆದದ್ದಲ್ಲ ಎಂದು ಡಾಕ್ಟರು ನನ್ನತ್ತ ನೋಡಿ ಸೇರಿಸಿದರು. ಆದರೆ ಆರು ತಿಂಗಳ ಮಾತ್ರೆ ತಪ್ಪಿಸಿದವನು ನಾನು. ಈಗ ದಿನವೂ ಅವರು ಮಾತ್ರೆ ನುಂಗುವವರೆಗೆ ಎದುರಿಗೆ ನಿಲ್ಲುತ್ತೇನೆ.

ಇವತ್ತು ಮರುಪರೀಕ್ಷೆ. ಮಾಮಾ ಹಸಿದು ಕುಳಿತಿದ್ದರು. "ಯಾರ ಮನ್ಯಾಗೋ ಚಹಾ ಕುದಿಲಿಕತ್ತದ," ಎಂದು ಮೂಗೆಳೆದರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಲ್ಯಾಬಿನ ಅದೇ ಹೆಂಗಸು ಬಂದು ಹೆಸರು ಕೂಗಿ, ನನ್ನತ್ತ ತಿರುಗಿದಳು.

"ನಾನ್ರೀ," ಎಂದು ಮಾಮಾ ತೋಳು ಚಾಚಿದರು. "ಅಂವ ಅಲ್ಲ."

ಟ್ಯೂಬಿನ ಮೇಲಿನ ಹೆಸರನ್ನು ಅಕ್ಕ ಎರಡು ಸಲ ಓದಿದಳು. ಆಮೇಲೆ ಚಹಾಕ್ಕೆ ನೀರಿಟ್ಟಳು.